ಉಪ್ಪು ಮೆಣಸಿನ ಬಿಲ್ಲೆ

ಒಂದು ನಿಮಿಷ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಏಳಿ. ನಾನು ಮಾತು ಜಾಸ್ತಿ ಆಡುತ್ತೇನೆಂದು ಊರಿಗೆಲ್ಲ ಗೊತ್ತಿರುವುದರಿಂದ ಯಾರೂ ಕೊನೆಯವರೆಗೆ ಕೇಳುವುದಿಲ್ಲ, ಅರ್ಧಕ್ಕೇ ಚಪ್ಪಲಿ ಹುಡುಕತೊಡಗುತ್ತಾರೆ. ನೀವು ಹಾಗೆ ಮಾಡಬೇಡಿ. ಕೊನೆಗೆ ನಿಮ್ಮನ್ನು ಒಂದು ಮಾತು ಕೇಳಬೇಕು, ಅದಕ್ಕೆ ಉತ್ತರ ಹೇಳಬೇಕಾದರೆ ನಡುವೆ ನಡೆದದ್ದೆಲ್ಲ ಗೊತ್ತಿರಬೇಕು. ಬೇಗ ಬೇಗ ಹೇಳಿ ಮುಗಿಸುತ್ತೇನೆ.

ನಮ್ಮೂರಿನಲ್ಲಿ ಕಾಫಿಯನ್ನು ಒಬ್ಬರೇ ಕುಡಿದರೆ ರುಚಿ ಇರುವುದಿಲ್ಲ. ಬಿಸಿನೀರು, ಅಷ್ಟೆ. ಚಾಕೊಲೇಟನ್ನು ಒಬ್ಬರೇ ತಿಂದರೆ ಮೇಣದ ಬತ್ತಿ ಕಚ್ಚಿದ ಹಾಗೆ. ಇಬ್ಬರು ಎದುರುಬದುರು ಕೂರಬೇಕು, ಒಬ್ಬರು ಕಾಫಿ ಗುಟುಕರಿಸುವಾಗ ಇನ್ನೊಬ್ಬರ ನಾಲಿಗೆಯ ಮೇಲೆ ಚಾಕೊಲೇಟು ಕರಗುತ್ತಿರಬೇಕು. ಆಗ ಎರಡರ ರುಚಿಯೂ ಇಬ್ಬರ ಬಾಯಿಗೂ ಬರುತ್ತದೆ. ಒಬ್ಬರೇ ಎರಡನ್ನೂ ಬಾಯಿಗೆ ಹಾಕಿಕೊಂಡರೆ ಆಗದೇ ಎಂದು ನೀವು ಕೇಳಬಹುದು. ಊರಿನ ಪ್ರತಿ ಮಗುವೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅದನ್ನು ಮಾಡಿ ನೋಡಿರುತ್ತದೆ. ಬಿಸಿನೀರಿನಲ್ಲಿ ಕರಗಿದ ಮೇಣ, ಬೇರೇನಿಲ್ಲ. ವಾಸನೆ ಮಾತ್ರ ಎಲ್ಲರಿಗೂ ಪುಕ್ಕಟೆ. ಮೇಲಿನ ಬೀದಿಯಲ್ಲಿ ಕಾಫಿ ಬೀಜ ಹುರಿಯುತ್ತಾರೆ, ಕೆಳಗಿನ ಬೀದಿಯಲ್ಲಿ ಕೋಕೋ ಬೀಜ ಹುರಿಯುತ್ತಾರೆ, ಎರಡೂ ವಾಸನೆ ನಡುವಿನ ಕಲ್ಲಿನ ಮೆಟ್ಟಿಲುಗಳ ಮೇಲೆ ಬಂದು ಸೇರುತ್ತವೆ. ನಮ್ಮ ಮನೆ ಆ ಮೆಟ್ಟಿಲುಗಳ ಪಕ್ಕದಲ್ಲೇ ಇದೆ.

ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಒಬ್ಬೊಬ್ಬರು ಜೋಡಿ ಇರುತ್ತಾರೆ. ಜೋಡಿ ಎಂದರೆ ಗಂಡ ಹೆಂಡತಿ ಅಲ್ಲ. ನಮ್ಮಪ್ಪನ ಜೋಡಿ ಕಟಿಂಗ್ ಶಾಪಿನ ಸಣ್ಣತಮ್ಮಯ್ಯ, ನಮ್ಮಮ್ಮನ ಜೋಡಿ ಹಿಂದಿನ ಮನೆಯ ಜುಬೇದಮ್ಮ. ಸಂಜೆ ನಾಲ್ಕಾಗುತ್ತಿದ್ದಂತೆ ದರ್ಜಿಗಳ ಮಿಷನ್ನುಗಳು ನಿಲ್ಲುತ್ತವೆ, ಅರ್ಧ ಕ್ಷೌರವಾದವರು ಕೊರಳಿಗೆ ಸುತ್ತಿದ ಬಿಳಿ ಬಟ್ಟೆಯಲ್ಲೇ ತಮ್ಮ ಜೋಡಿಯ ಮನೆಗೆ ಓಡುತ್ತಾರೆ, ಬ್ಯಾಂಕಿನ ಕಿಟಕಿ ಮುಚ್ಚುತ್ತದೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಹುಡುಗಿ ಯಾರ ಎದುರು ಕೂರುತ್ತಾಳೆ ಎಂದು ಕೇಳುತ್ತಾರೆ, ಯಾಕೆಂದರೆ ಮದುವೆಯಾದರೂ ಜೋಡಿ ಬದಲಾಗುವುದಿಲ್ಲ. ಜೋಡಿ ಊರಲ್ಲಿಲ್ಲದ ದಿನ ಜನ ಮಜ್ಜಿಗೆ ಕುಡಿದು ಮುಖ ಊದಿಸಿಕೊಂಡು ಓಡಾಡುತ್ತಾರೆ.

ಜೋಡಿಯಾಗು ಎಂದು ಕೇಳುವುದಕ್ಕೂ ಒಂದು ಪದ್ಧತಿ ಇದೆ, ಇದನ್ನು ಮಾತ್ರ ಗಮನವಿಟ್ಟು ಕೇಳಿ. ಕಾಫಿ ಕುಡಿಯುವವರು ತಮ್ಮ ಖಾಲಿ ಸಾಸರನ್ನು ಒರೆಸಿ ಮೇಜಿನ ನಡುವಿಗೆ ತಳ್ಳುತ್ತಾರೆ. ಎದುರಿನವರು ಚಾಕೊಲೇಟಿನ ಒಂದು ಬಿಲ್ಲೆ ಮುರಿದು ಅರ್ಧವನ್ನು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ, ಇವರು ಒಂದು ಗುಟುಕು ಕುಡಿಯುತ್ತಾರೆ, ಕೊನೆಯದಾಗಿ ಒಮ್ಮೆ ಪರೀಕ್ಷಿಸುವಂತೆ ಇಬ್ಬರೂ ರುಚಿ ನೋಡುತ್ತಾರೆ. ಒಪ್ಪಿಗೆಯಿದ್ದರೆ ಉಳಿದರ್ಧ ಆ ಸಾಸರಿಗೆ ಬೀಳುತ್ತದೆ. ಇಲ್ಲದಿದ್ದರೆ ಸಾಸರನ್ನು ಬೋರಲು ಹಾಕುತ್ತಾರೆ. ಅದಕ್ಕೆ ಕಾರಣ ಕೇಳುವಂತಿಲ್ಲ, ಹೇಳುವಂತಿಲ್ಲ. ಜೋಡಿ ಬಿಡುವುದಿದ್ದರೂ ಹಾಗೆಯೇ, ಸಾಸರು ಬೋರಲು. ಆದರೆ ಕಾರಣ ಎಲ್ಲರಿಗೂ ಗೊತ್ತೇ ಇರುತ್ತದೆ. ರುಚಿ ಬರುವುದು ನಿಂತಿತೆಂದರೆ ಎದುರಿನವರ ಮನಸ್ಸು ಕುರ್ಚಿಯಲ್ಲಿಲ್ಲ, ಬೇರೆಲ್ಲೋ ಹೋಗಿದೆ. ಹಾಗೆಂದು ನಮ್ಮಜ್ಜಿ ನಂಬಿದ್ದಳು, ಅವಳಜ್ಜಿ ನಂಬಿದ್ದಳು.

ನನಗೆ ಜೋಡಿ ಇಲ್ಲ. ಹೆಸರು ಮಧುಕೇಶ, ವಯಸ್ಸು ಇನ್ನೂ ಇಪ್ಪತ್ತೆರಡು, ಕೈಕಾಲು ಸರಿಯಾಗಿವೆ. ತೊಂದರೆ ಏನೆಂದರೆ ಕಾಫಿ ಚಾಕೊಲೇಟಿನ ಜೋಡಣೆ ಎಂದರೆ ನನಗೆ ಹುಚ್ಚು. ಮಳೆಗಾಳಿಗೆ ಹರವಿ ಹಳದಿಯಾದ ಕಾಫಿ ಬೀಜಕ್ಕೆ ಬೆಲ್ಲದ ಚಾಕೊಲೇಟು ಹೊಂದುತ್ತದೆ, ಯಾಕೆಂದರೆ ಎರಡರಲ್ಲೂ ಮಣ್ಣಿನ ಒಂದು ತಣ್ಣನೆಯ ರುಚಿ ಇರುತ್ತದಂತೆ. ನಸುವಾಗಿ ಹುರಿದ ಬೀಜದ ಹುಳಿಗೆ ಕಿತ್ತಳೆ ಸಿಪ್ಪೆಯ ಚಾಕೊಲೇಟು ಹಾಕಿದರೆ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಚಿಕೋರಿ ಜಾಸ್ತಿಯಾದ ಡಿಕಾಕ್ಷನ್ನಿಗೆ ಹಾಲಿನ ಚಾಕೊಲೇಟು ಹಾಕುವವರನ್ನು ಕಂಡರೆ ನನಗೆ ಅಳು ಬರುತ್ತದೆ. ಇದೆಲ್ಲ ನಾನು ಕೇಳಿ ಕೇಳಿ, ಮೂಸಿ ಮೂಸಿ ಕಲಿತದ್ದು. ಯಾರ ಎದುರು ಕೂತರೂ ಇದನ್ನೇ ಹೇಳತೊಡಗುತ್ತಿದ್ದೆ. ಹೇಳುತ್ತಾ ಹೇಳುತ್ತಾ ಕಾಫಿ ತಣ್ಣಗಾಗುತ್ತಿತ್ತು, ಚಾಕೊಲೇಟು ಬೆರಳಿಗೆ ಅಂಟುತ್ತಿತ್ತು, ಕೊನೆಗೆ ಬಾಯಿಗೆ ಹಾಕಿಕೊಂಡರೆ ಪಕ್ಕದ ಮನೆಯ ರೇಡಿಯೋ ಗೋಡೆಯಾಚೆ ಕೇಳಿಸಿದಷ್ಟು ರುಚಿ. ಇವನ ಮನಸ್ಸು ಕುರ್ಚಿಯಲ್ಲಿಲ್ಲ, ಹುರಿಯುವ ಒಲೆಯಲ್ಲಿದೆ ಎಂದು ಸಾಸರುಗಳು ಒಂದೊಂದಾಗಿ ಬೋರಲಾದವು. ನನ್ನ ಜೊತೆ ಓದಿದ ಪರಶಿವ ಮಾತ್ರ ಬಾಯಿಬಿಟ್ಟು ಹೇಳಿದ: “ನಿನ್ ಎದುರ್ಗೆ ಕೂತ್ರೆ ಕಾಫಿ ಬಗ್ಗೆ ಎಲ್ಲಾ ಗೊತ್ತಾಗುತ್ತೆ ಕಣೋ, ಕಾಫಿ ಒಂದ್ ಬಿಟ್ಟು.”

ನಾಲ್ಕು ಗಂಟೆಗೆ ಎಲ್ಲರೂ ಹೊರಟುಹೋದ ಮೇಲೆ ಬೀದಿ ಹೇಗಿರುತ್ತದೆ ಗೊತ್ತೇ? ಹೇಗೆ ಗೊತ್ತಿರುತ್ತದೆ, ನೀವು ಹೊರಗಿನವರು. ನಾಯಿಗಳು ಕೂಡ ಜಗಲಿಯಡಿ ಎರಡೆರಡಾಗಿ ಮಲಗಿದಂತೆ ಕಾಣುತ್ತವೆ. ಎಲ್ಲ ಕಿಟಕಿಗಳಿಂದ ಲೋಟ ಮೇಜಿಗೆ ತಾಗುವ ಸದ್ದು ಮತ್ತು ಆಮೇಲಿನ ಮೌನ. ಆ ಮೌನ ಯಾಕೆಂದರೆ ಆಗ ಎಲ್ಲರ ಬಾಯಲ್ಲೂ ರುಚಿ ಬಂದಿರುತ್ತದೆ. ನಾನು ಮೆಟ್ಟಿಲ ಮೇಲೆ ಕೂತು ಎರಡು ಕಡೆಯ ವಾಸನೆ ಎಳೆದುಕೊಳ್ಳುತ್ತಿದ್ದೆ. ಅಮ್ಮ ಜುಬೇದಮ್ಮನ ಮನೆಯಿಂದ ಬಂದಾಗ ಅವಳ ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿರುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಆ ಹೊಳಪನ್ನು ಅಳಿಸಿಕೊಂಡು, ಬೆಂಡೆಕಾಯಿ ಹೆಚ್ಚಿದೆಯಾ ಎಂದು ಕೇಳುತ್ತಿದ್ದಳು. ಅದನ್ನು ಅವಳು ಅಳಿಸಿಕೊಳ್ಳದಿದ್ದರೆ ಚೆನ್ನಾಗಿತ್ತು.

ಕೊನೆಗೆ ನಾನು ಗುರುಲಿಂಗಣ್ಣನ ಕಾಫಿ ಮನೆಯಲ್ಲಿ ಎದುರು ಕೂರುವವನ ಕೆಲಸಕ್ಕೆ ಸೇರಿದೆ. ಜೋಡಿ ಸತ್ತವರು, ಜೋಡಿ ಬಿಟ್ಟವರು, ಬೇರೆ ಊರಿಂದ ಬಂದ ಸೇಲ್ಸಿನವರು ಅಲ್ಲಿಗೆ ಬರುತ್ತಾರೆ. ಅವರೆದುರು ಕೂತು ಚಾಕೊಲೇಟು ತಿನ್ನುವುದು ಕೆಲಸ. ಎದುರು ಕೂರುವವನು ಮಾತಾಡಬಾರದು. ಗುರುಲಿಂಗಣ್ಣ ಸೇರಿಸಿಕೊಳ್ಳುವಾಗಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ಕೈಲಿ ಆಗುತ್ತೇನಯ್ಯ ಎಂದಿದ್ದರು. ಆಯಿತು. ಬಾಯಿ ಮುಚ್ಚಿಕೊಂಡು ಕೂತರೂ ತಲೆಯೊಳಗೆ ಮಾತು ಓಡುತ್ತಲೇ ಇರುತ್ತಿತ್ತು, ಹಾಗಾಗಿ ರುಚಿ ಅದೇ ಗೋಡೆಯಾಚೆಯ ರೇಡಿಯೋ. ಗಿರಾಕಿಗಳು ಅಷ್ಟಕ್ಕೇ ತೃಪ್ತರು. ಏನೂ ಇಲ್ಲದವರಿಗೆ ಅಷ್ಟು ಸಾಕಾಗುತ್ತದೆ. ಮುಖ ನೋಡದೆ ಕುಡಿದು ಎದ್ದು ಹೋಗುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ವಾರಿಜಕ್ಕ ಬಂದರು. ಕೊಡೆ ರಿಪೇರಿ ಮಾಡುವ ವಾರಿಜಕ್ಕನನ್ನು ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತು ದಾಟಿದ ದೊಡ್ಡ ಮೈ, ಹೆಗಲಿಗೆ ಕೊಡೆ ಕಡ್ಡಿಗಳ ಚೀಲ, ನಡೆದರೆ ಅದು ಗಲಗಲ ಎನ್ನುತ್ತದೆ. ಅವರು ಇಲ್ಲಿಗೆ ಬಂದದ್ದನ್ನು ನೋಡಿ ಉಳಿದ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾಕೆಂದರೆ ವಾರಿಜಕ್ಕ ಮತ್ತು ಫ್ಲೋರಿನಮ್ಮ ಲಂಗ ಹಾಕುವ ವಯಸ್ಸಿನಿಂದ ಜೋಡಿ. ಕೆಳಗಿನ ಬೀದಿಯಲ್ಲಿ ಚಾಕೊಲೇಟು ಮಾಡುವವರು ಫ್ಲೋರಿನಮ್ಮ. ಅವರ ಉಪ್ಪು ಮೆಣಸಿನ ಬಿಲ್ಲೆಯನ್ನು ಬೇರೆ ಯಾರೂ ಮಾಡುವುದಿಲ್ಲ, ಮಾಡಿದರೂ ಹಾಗೆ ಬರುವುದಿಲ್ಲ. ವಾರಿಜಕ್ಕ ಕಪ್ಪಗೆ ಹುರಿದ ಪೀಬೆರಿಯ, ಅಂದರೆ ಕಾಯಿಗೊಂದೇ ಇರುವ ದುಂಡು ಬೀಜದ ಕಾಫಿ ಹೇಳಿದರು, ಹಾಲು ಬೇಡ ಎಂದರು. ಎದುರಿನವನು ಯಾವ ಚಾಕೊಲೇಟು ತಿನ್ನಬೇಕು ಎಂದು ಗುರುಲಿಂಗಣ್ಣ ಮೆಲ್ಲಗೆ ಕೇಳಿದರು.

“ಉಪ್ಪು ಮೆಣಸಿಂದು. ಜಗಳ ಅವಳ ಜೊತೆ, ಅವಳ ಚಾಕೊಲೇಟ್ ಜೊತೆ ಅಲ್ಲ.”

ನಾನು ಬಿಲ್ಲೆ ಹಿಡಿದು ಕೂತೆ. ಪೀಬೆರಿಗೆ ಉಪ್ಪು ಮೆಣಸು, ಎಂಥ ಜೋಡಣೆ ಅದು, ಉಪ್ಪು ಕಹಿಯನ್ನು ಹೇಗೆ ಮಲಗಿಸುತ್ತದೆ, ಮೆಣಸು ಕೊನೆಗೆ ಹೇಗೆ ಎದ್ದು ಬರುತ್ತದೆ ಎಂದೆಲ್ಲ ಜನ ಹೇಳಿದ್ದು ತಲೆಯೊಳಗೆ ಕುದಿಯುತ್ತಿತ್ತು. ನನ್ನ ಮುಖದ ಮೇಲೂ ಕಂಡಿರಬೇಕು. ವಾರಿಜಕ್ಕ ಕಪ್ಪು ಕೆಳಗಿಟ್ಟು, ಏನೋ ಹೇಳಬೇಕು ಅಂತಿದ್ದೀಯಲ್ಲ, ಮೊದಲು ಅದನ್ನ ಹೇಳಿ ಮುಗಿಸು ಎಂದರು. ನಾನು ಗುರುಲಿಂಗಣ್ಣನ ಕಡೆ ನೋಡಿದೆ. ಅವರು ಬೇಕೆಂದೇ ಬೆನ್ನು ತಿರುಗಿಸಿ ಫಿಲ್ಟರು ತೊಳೆಯತೊಡಗಿದರು. ನಾನು ಹೇಳಿದೆ. ಎಲ್ಲ ಹೇಳಿದೆ. ಮಳೆಗಾಳಿಯ ಬೀಜ, ಕಿತ್ತಳೆ ಸಿಪ್ಪೆ, ಚಿಕೋರಿಯ ಅನ್ಯಾಯ, ನಾಲ್ಕು ಗಂಟೆಯ ಬೀದಿ, ಅಮ್ಮನ ಮುಖದವರೆಗೆ ಹೇಳಿದೆ. ಅವರು ಚಪ್ಪಲಿ ಹುಡುಕಲಿಲ್ಲ. ಒಂದು ಕೊಡೆಯ ಕಡ್ಡಿ ನೇರ ಮಾಡುತ್ತಾ ಕೇಳಿದರು. ನನ್ನ ಮಾತು ತಾನಾಗಿಯೇ ನಿಂತಿತು. ಬದುಕಿನಲ್ಲಿ ಮೊದಲ ಸಲ ನನ್ನ ಬಳಿ ಹೇಳಲು ಏನೂ ಉಳಿದಿರಲಿಲ್ಲ.

“ಮುಗೀತಾ? ಹಂಗಾರೆ ಈಗ ತಿನ್ನು.”

ಹೊಸ ಕಾಫಿ ಬಂತು. ಅವರು ಗುಟುಕರಿಸಿದರು, ನಾನು ಬಿಲ್ಲೆ ನಾಲಿಗೆಯ ಮೇಲಿಟ್ಟುಕೊಂಡೆ. ಗೋಡೆ ಬಿದ್ದುಹೋಯಿತು. ಮೊದಲು ಕಹಿ ಬಂತು, ಕತ್ತಲೆ ಕೋಣೆಗೆ ಕಾಲಿಟ್ಟ ಹಾಗೆ, ಭಯವಾಗುವಷ್ಟು. ಉಪ್ಪಿನ ಹರಳು ಕರಗಿದ ಕಡೆ ಆ ಕೋಣೆಯಲ್ಲಿ ಒಂದೊಂದು ದೀಪ ಹತ್ತಿತು, ಒಳಗೆ ಬೆಲ್ಲ ಇತ್ತು, ಒಣದ್ರಾಕ್ಷಿ ಇತ್ತು, ಹಳೆಯ ಮರದ ಪೆಟ್ಟಿಗೆ ಇತ್ತು. ಎಲ್ಲ ಮುಗಿಯಿತು ಎನ್ನುವಾಗ ಮೆಣಸು ಗಂಟಲ ಹತ್ತಿರ ಬೆಚ್ಚಗೆ ನಿಂತಿತು, ಯಾರೋ ಹೊರಡುವ ಮೊದಲು ಬಾಗಿಲಲ್ಲಿ ನಿಂತು ತಿರುಗಿ ನೋಡಿದ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. ವಾರಿಜಕ್ಕನೂ ಕಪ್ಪನ್ನೇ ನೋಡುತ್ತಿದ್ದರು. ಬಂತಲ್ಲೋ ಎಂದರು ಮೆಲ್ಲಗೆ, ಬೇರೆ ಯಾರಿಗೋ ಹೇಳಿದ ಹಾಗೆ.

ಆಮೇಲೆ ಅವರು ದಿನಾ ಬರತೊಡಗಿದರು. ದಿನಾ ಮೊದಲು ನನ್ನ ಮಾತಿನ ಸರದಿ, ಅದು ಬರಿದಾದ ಮೇಲೆ ಕಾಫಿ. ಒಂದು ದಿನ ಮಾತು ಬೇಗ ಬರಿದಾಯಿತು, ಆಗ ಅವರು ತಮ್ಮದನ್ನು ಹೇಳಿದರು. ಮಳೆಗಾಲದ ಕೊನೆಗೆ ಊರಿಗೆಲ್ಲ ಜ್ವರ ಬಂದಿತ್ತಲ್ಲ, ಫ್ಲೋರಿನಮ್ಮನಿಗೂ ಬಂದಿತ್ತು. ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಮತ್ತೆ ಎದುರು ಕೂತರಂತೆ. ರುಚಿ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ. ಫ್ಲೋರಿನಮ್ಮ ಚಾಕೊಲೇಟು ಜಗಿಯುತ್ತಾ ಕಿಟಕಿಯಾಚೆ ನೋಡುತ್ತಿದ್ದರಂತೆ. ಏನಾಯಿತು ಎಂದು ಇವರು ಕೇಳಲಿಲ್ಲ. ನಮ್ಮೂರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಒಂದು ಸಂಜೆ ವಾರಿಜಕ್ಕನೇ ಸಾಸರು ಬೋರಲು ಹಾಕಿ ಎದ್ದು ಬಂದರು.

“ಅವಳ ಮನಸಲ್ಲಿ ಬೇರೆ ಯಾರೋ ಬಂದಿರ್ಬೇಕು. ಇಲ್ಲಾಂದ್ರೆ ಅಷ್ಟು ವರ್ಷದ್ದು ಸುಮ್ನೆ ನಿಂತೋಗುತ್ತಾ, ನೀನೇ ಹೇಳು ತಮ್ಮಾ.”

ನಿಜ ಹೇಳುತ್ತೇನೆ, ಒಳಗೊಳಗೆ ನನಗೆ ಖುಷಿಯಾಗಿತ್ತು. ಅದು ನಿಂತದ್ದರಿಂದ ತಾನೇ ಇದು ಶುರುವಾದದ್ದು.

ಕಾಫಿ ಮನೆಗೆ ಚಾಕೊಲೇಟು ತರುವುದು ನನ್ನದೇ ಕೆಲಸ. ಆ ವಾರ ಉಪ್ಪು ಮೆಣಸಿನ ಬಿಲ್ಲೆಗಳು ಮುಗಿಯುತ್ತಾ ಬಂದಿದ್ದವು, ವಾರಿಜಕ್ಕನಿಂದಾಗಿ. ಫ್ಲೋರಿನಮ್ಮನ ಮನೆಗೆ ಹೋದೆ. ಅವರು ಹಿತ್ತಲ ಹೆಂಚಿನ ಮಾಡಿನಡಿ ಹುರಿಯುವ ಡ್ರಮ್ಮಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ತೆಳ್ಳಗೆ, ಕಡ್ಡಿಯ ಹಾಗೆ, ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು. ಹಿಡಿ ತಿರುಗಿಸುತ್ತಿದ್ದರು, ಕಿವಿಯನ್ನು ಡ್ರಮ್ಮಿನ ಹತ್ತಿರ ಇಟ್ಟಿದ್ದರು. ನಮ್ಮೂರಿನಲ್ಲಿ ಚಾಕೊಲೇಟು ಮಾಡುವವರು ಒಬ್ಬರೇ ಕೂತು ತಿಂದು ನೋಡಿ ಪ್ರಯೋಜನವಿಲ್ಲ, ಎಲ್ಲ ಮೂಗಿನ ಮೇಲೆಯೇ ನಡೆಯಬೇಕು. ಕಿವಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಹೊರಗೆ ಕ್ಯಾನು ಕಟ್ಟಿದ ಹಾಲಿನವನ ಗಾಡಿ ಗಡಗಡ ಎನ್ನುತ್ತಾ ಹೋಯಿತು. ಆಗಲೇ ನನಗೆ ಬಂತು ವಾಸನೆ. ಸೀದ ವಾಸನೆ. ಮೊದಲು ಸಣ್ಣಗೆ, ಆಮೇಲೆ ಮೂಗು ಸುಡುವ ಹಾಗೆ. ಫ್ಲೋರಿನಮ್ಮ ನೆಮ್ಮದಿಯಿಂದ ಹಿಡಿ ತಿರುಗಿಸುತ್ತಲೇ ಇದ್ದರು. ಹೊಗೆ ಅವರ ಕಣ್ಣಿಗೆ ಹೋಗುವವರೆಗೆ ತಿರುಗಿಸಿದರು.

ನಾನು ಓಡಿ ಬೆಂಕಿ ಎಳೆದೆ. ಬೀಜವನ್ನು ಗೋಣಿಯ ಮೇಲೆ ಸುರಿದೆವು. ಅವರು ಕೈಯಾಡಿಸುತ್ತಾ ಕರಿದಾದದ್ದನ್ನು ಆರಿಸತೊಡಗಿದರು, ನನ್ನ ಕಡೆ ನೋಡಲಿಲ್ಲ. ನಾನೂ ಕೇಳಲಿಲ್ಲ. ಕೊನೆಗೆ ಅವರೇ ಹೇಳಿದರು. ಜ್ವರದಲ್ಲಿ ಮೂಗು ಹೋಗಿದೆ. ಸಾಬೂನು, ಮೀನು, ಮಳೆ, ತಮ್ಮ ಅಂಗಡಿಯ ಕೋಕೋ, ಯಾವುದರ ವಾಸನೆಯೂ ಇಲ್ಲ. ಬೀಜ ಸಿಡಿಯುವ ಸದ್ದು ಕೇಳಿಕೊಂಡು ಇಷ್ಟು ದಿನ ಹೇಗೋ ಹುರಿದರು, ಇವತ್ತು ಆ ಗಾಡಿಯ ಸದ್ದು ಕೆಡಿಸಿತು.

ಹಾಗಾದರೆ ರುಚಿ ನಿಂತದ್ದು ಅದಕ್ಕೇ. ವಾಸನೆ ಇಲ್ಲದ ಬಾಯಿಂದ ರುಚಿ ದಾಟುವುದಿಲ್ಲ. ಊರಿನಲ್ಲಿ ಇಷ್ಟು ಕಾಲದಿಂದ ಎಷ್ಟು ಸಾಸರುಗಳು ಬೋರಲಾಗಿವೆ, ಅದರಲ್ಲಿ ಎಷ್ಟು ಬರೀ ನೆಗಡಿಯೋ, ಜ್ವರವೋ ಎಂದು ಯೋಚಿಸಿ ನನಗೆ ತಲೆ ಸುತ್ತಿ ಬಂತು. ವಾರಿಜಕ್ಕನಿಗೆ ಇದನ್ನು ಹೇಳಬೇಕಿತ್ತು ತಾನೇ ಎಂದು ಕೇಳಿದೆ. ಫ್ಲೋರಿನಮ್ಮ ಒಂದು ಬೀಜವನ್ನು ಬೆರಳಲ್ಲಿ ಒಡೆದು ಸಿಪ್ಪೆ ಊದಿದರು.

“ಏನಾಯ್ತೇ ಅಂತ ಒಂದ್ ಮಾತು ಕೇಳ್ಬೋದಿತ್ತು ಅವಳು. ಕೇಳ್ತಾಳೆ ಅಂತ ದಿನಾ ಕಿಟಕಿ ನೋಡ್ಕೊಂಡು ಕೂತಿದ್ದೆ, ಮುಖ ನೋಡಿದ್ರೆ ನಾನೇ ಅತ್ತುಬಿಡ್ತೀನಿ ಅಂತ. ಕೇಳ್ಲಿಲ್ಲ. ಬೋರಲು ಹಾಕಿದ್ಳು. ಈಗ ನೀನು ಹೋಗಿ ಹೇಳಿ, ಪಾಪ ಅಂತ ಅವಳು ಬರೋದು ನಂಗೆ ಬೇಡ ಮಗಾ. ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟೆ. ಕೊಡುವಾಗ ಏನೋ ಹಗುರವೆನಿಸಿತು, ಅದು ಒಳ್ಳೆಯ ಹಗುರವಲ್ಲ ಎಂದೂ ಗೊತ್ತಾಯಿತು. ಹೇಳದಿರಲು ನನಗೆ ಈಗ ಮರ್ಯಾದೆಯ ಒಂದು ಕಾರಣ ಸಿಕ್ಕಿತ್ತು.

ಅವರು ಆರಿಸಿ ಉಳಿದ ಬೀಜದಿಂದಲೇ ಬಿಲ್ಲೆ ಮಾಡಿದರು. ಎರಡು ದಿನ ಬಿಟ್ಟು ತರಲು ಹೋದಾಗ ಒಂದನ್ನು ನನ್ನ ಮೂಗಿಗೆ ಹಿಡಿದು, ಹೆಂಗಿದೆ ಎಂದರು. ಬಿಲ್ಲೆಯ ಮೇಲೆ ಅವರು ಯಾವಾಗಲೂ ಒತ್ತುವ ಹೆಬ್ಬೆರಳ ಗುರುತು ಎಂದಿನಂತೆ ಅಚ್ಚುಕಟ್ಟಾಗಿತ್ತು. ವಾಸನೆಯಲ್ಲಿ ಸೀದದ್ದು ಹಿಂದೆ ಅಡಗಿ ಕೂತಿತ್ತು. ಪರವಾಗಿಲ್ಲ ಎಂದೆ. ಅವರ ಮುಖ ಅರಳಿತು. ಕಾಫಿ ಮನೆಗೆ ಬಂದು ಆ ಬಿಲ್ಲೆಗಳನ್ನು ಡಬ್ಬಿಯ ತಳಕ್ಕೆ ಹಾಕಿ, ಮೇಲೊಂದು ಬಾಳೆಲೆ ಹಾಸಿ, ಹಳೆಯ ಒಳ್ಳೆಯವನ್ನು ಮೇಲಿಟ್ಟೆ. ಹಳೆಯವು ಕೆಲವೇ ಉಳಿದಿದ್ದವು. ಅವುಗಳಲ್ಲೇ ವಾರಿಜಕ್ಕನನ್ನು ಸಾಗಿಸಿದೆ.

ಆ ದಿನಗಳಲ್ಲಿ ನಾನು ಮನೆಗೆ ಹೋದರೆ ಅಮ್ಮ ನನ್ನ ಮುಖ ನೋಡಿ, ಏನೋ ಇದು, ಹೊಳೀತಿದೀಯಾ ಎನ್ನುತ್ತಿದ್ದಳು. ನಾನು ಅಳಿಸಿಕೊಳ್ಳಲಿಲ್ಲ. ಅವಳೂ ತನ್ನದನ್ನು ಅಳಿಸಿಕೊಳ್ಳುವುದು ಬಿಟ್ಟಳು. ಇಬ್ಬರೂ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಾ ಪೀಬೆರಿ ವಿಷಯ ಮಾತಾಡುತ್ತಿದ್ದೆವು, ರುಚಿ ಗೊತ್ತಿರುವ ಇಬ್ಬರು ಮಾತಾಡುವ ಹಾಗೆ. ಬೀದಿಯಲ್ಲಿ ಪರಶಿವ ಸಿಕ್ಕು, ಹರಿಕಥೆ ದಾಸರಿಗೆ ಈಗ ಮೌನವ್ರತವಂತೆ ಎಂದು ರೇಗಿಸಿದ. ನಕ್ಕೆ, ಏನೂ ಹೇಳಬೇಕೆನಿಸಲಿಲ್ಲ. ಆದರೆ ಮೆಟ್ಟಿಲ ಹತ್ತಿರ ಬಂದಾಗ ಕೆಳಗಿನ ಬೀದಿಯ ಕಡೆ ನೋಡದೆ ದಾಟುತ್ತಿದ್ದೆ. ನಾಲ್ಕು ಗಂಟೆಗೆ ಎಲ್ಲ ಕಿಟಕಿಗಳು ಮೌನವಾದಾಗ ಅಲ್ಲೊಂದು ಮಾಡಿನಡಿ ಒಬ್ಬರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಅವರಿಗೆ ವಾಸನೆಯೂ ಇಲ್ಲ. ಮೆಟ್ಟಿಲ ಮೇಲೆ ಕೂತಿದ್ದ ನನಗೆ ಅಷ್ಟಾದರೂ ಇತ್ತು.

ಆಮೇಲೆ ಆ ಸಂಜೆ ಬಂತು. ವಾರಿಜಕ್ಕ ಕೊಡೆಯ ಚೀಲವಿಲ್ಲದೆ ಬಂದರು, ತಲೆ ನುಣ್ಣಗೆ ಬಾಚಿಕೊಂಡಿದ್ದರು. ಗುರುಲಿಂಗಣ್ಣ ಕಾಫಿ ತಂದಿಟ್ಟರು. ನಾನು ಎಂದಿನಂತೆ ಮಾತು ಶುರು ಮಾಡಲು ಬಾಯಿ ತೆರೆದೆ, ಅವರು ಕೈಯೆತ್ತಿ ನಿಲ್ಲಿಸಿದರು. ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟರು. ಸಾಸರನ್ನು ಸೆರಗಿನಲ್ಲಿ ಒರೆಸಿದರು, ಒಂದು ಸಲ ಒರೆಸಿದ್ದು ಸಾಲದೆಂದು ಮತ್ತೆ ಒರೆಸಿದರು. ಮೇಜಿನ ನಡುವಿಗೆ ತಳ್ಳಿದರು.

“ಜಾಸ್ತಿ ಯೋಚ್ನೆ ಮಾಡ್ಬೇಡ. ನಾನು ಚಿಕ್ಕೋಳಲ್ಲ, ನೀನು ದೊಡ್ಡೋನಲ್ಲ, ಅದೆಲ್ಲ ಜನ ಆಡ್ಕೊಳ್ಳಿ. ರುಚಿ ಬರ್ತಿದೆ, ಅಷ್ಟು ಸಾಕು.”

ಪಕ್ಕದ ಮೇಜುಗಳಲ್ಲಿ ಲೋಟದ ಸದ್ದು ನಿಂತಿತು. ನನ್ನ ಬದುಕಿನಲ್ಲಿ ಸಾಸರು ನನ್ನ ಕಡೆಗೆ ಬಂದದ್ದು ಅದೇ ಮೊದಲು. ಯಾವಾಗಲೂ ನಾನೇ ತಳ್ಳಿದ್ದು. ಬಿಳಿ ಪಿಂಗಾಣಿ, ಅಂಚಿನಲ್ಲಿ ಒಂದು ನೀಲಿ ಗೆರೆ, ಒಂದು ಕಡೆ ಸ್ವಲ್ಪ ಚಕ್ಕೆ ಎದ್ದಿತ್ತು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಬಾಳೆಲೆಯ ಮೇಲೆ ಹಳೆಯ ಒಳ್ಳೆಯ ಬಿಲ್ಲೆ ಒಂದೇ ಒಂದು ಉಳಿದಿತ್ತು. ಅದನ್ನು ಮುರಿದರೆ ನನ್ನ ಬಾಯಲ್ಲಿ ದೀಪಗಳು ಹತ್ತುತ್ತವೆ, ಅವರ ಬಾಯಲ್ಲೂ ಹತ್ತುತ್ತವೆ, ಉಳಿದರ್ಧ ಸಾಸರಿಗೆ ಬೀಳುತ್ತದೆ, ನಾಲ್ಕು ಗಂಟೆಯ ಬೀದಿ ಇನ್ನು ಎಂದೂ ನನ್ನದಲ್ಲ. ಒಬ್ಬರಿಗೆ ಜೋಡಿ ಒಂದೇ. ಹಾಗಾದರೆ ಫ್ಲೋರಿನಮ್ಮ ಕಿಟಕಿ ನೋಡಿಕೊಂಡು ಕೂತವರು ಕೂತೇ ಇರುತ್ತಾರೆ. ಹೇಳುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ನನ್ನ ಕೈ ಆ ಹಳೆಯ ಬಿಲ್ಲೆಯ ಮೇಲೆಯೇ ಇತ್ತು, ಅದರ ಮೇಲಿನ ಹೆಬ್ಬೆರಳ ಗುರುತು ನನ್ನ ಬೆರಳಿಗೆ ತಾಗುತ್ತಿತ್ತು. ತಮ್ಮಾ ಎಂದರು ವಾರಿಜಕ್ಕ, ಕಾಫಿ ಆರ್ತಿದೆ. ನಾನು ಬಾಳೆಲೆ ಸರಿಸಿದೆ. ತಳದಿಂದ ಸೀದ ಬಿಲ್ಲೆ ಒಂದನ್ನು ತೆಗೆದೆ. ಮುರಿದು ಅರ್ಧವನ್ನು ಬಾಯಿಗೆ ಹಾಕಿಕೊಂಡೆ.

ಅವರು ಗುಟುಕರಿಸಿದರು. ರುಚಿ ಬಂತು, ಗೋಡೆಯಿಲ್ಲದೆ ಪೂರ್ತಿ ಬಂತು. ಪೀಬೆರಿ ಅದೇ, ಉಪ್ಪು ಅದೇ, ಮೆಣಸು ಅದೇ. ಅವುಗಳ ನಡುವೆ ಬೂದಿ. ಒಲೆ ಆರಿದ ಮನೆಯ ರುಚಿ. ವಾರಿಜಕ್ಕನ ಹುಬ್ಬು ಗಂಟಾಯಿತು. ಇನ್ನೊಂದು ಗುಟುಕು ಕುಡಿದರು. ಮೇಜಿನ ಮೇಲೆ ಬಾಗಿ ನನ್ನ ಕೈಯಲ್ಲಿದ್ದ ಉಳಿದರ್ಧವನ್ನು ನೋಡಿದರು, ಅದರ ಮೇಲೆ ಅರ್ಧ ಹೆಬ್ಬೆರಳು ಇತ್ತು.

“ಇದು ಫ್ಲೋರಿದು.”

ಎದುರು ಕೂರುವವನು ಮಾತಾಡಬಾರದು.

“ಅವಳು ಹುಟ್ಟಿದಾಗಿಂದ ಒಂದ್ ಬೀಜ ಸೀಯಿಸಿದೋಳಲ್ಲ. ಬೀದಿ ಆ ತುದೀಲಿ ಯಾರ ಮನೇಲಿ ಹಾಲು ಉಕ್ಕಿದ್ರೂ ಕೂತಲ್ಲೇ ಹೇಳೋಳು.” ಕಪ್ಪು ಅವರ ಕೈಯಲ್ಲೇ ನಿಂತಿತು. “ವಾಸ್ನೆ ಗೊತ್ತಾಗ್ತಿಲ್ವೇನೋ ಅವಳ್ಗೆ? ಜ್ವರ ಬಂದಾಗಿಂದ?”

ನಾನು ಅವರ ಮುಖ ನೋಡಿದೆ, ಅಷ್ಟೇ ಮಾಡಿದ್ದು. ಅವರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ. ಕಿಟಕಿಯಿಂದ ನೋಡಿದೆ, ಆ ದೊಡ್ಡ ಮೈ ಹೊತ್ತುಕೊಂಡು ಗೋಡೆ ಹಿಡಿದು ಮೆಟ್ಟಿಲುಗಳನ್ನು ಇಳಿಯುತ್ತಿದ್ದರು, ಒಂದೊಂದೇ ಮೆಟ್ಟಿಲು, ಆದರೆ ಅವಸರ ಅವಸರವಾಗಿ. ಮೇಜಿನ ನಡುವೆ ಸಾಸರು ಹಾಗೆಯೇ ಇತ್ತು. ಅದರಲ್ಲಿ ತುಂಡೂ ಬೀಳಲಿಲ್ಲ, ಅದು ಬೋರಲೂ ಆಗಲಿಲ್ಲ. ನಮ್ಮೂರಿನಲ್ಲಿ ಹಾಗೆ ಉಳಿದ ಸಾಸರಿಗೆ ಏನು ಅರ್ಥ ಎಂದು ಯಾರಿಗೂ ಗೊತ್ತಿಲ್ಲ. ಗುರುಲಿಂಗಣ್ಣ ಬಂದು ಅದನ್ನು ಎತ್ತಲು ಕೈ ಚಾಚಿ, ನನ್ನ ಮುಖ ನೋಡಿ, ಪಕ್ಕದ ಮೇಜು ಒರೆಸಲು ಹೋದರು.

ಮರುದಿನ ನಾಲ್ಕಕ್ಕೆ ಇಬ್ಬರೂ ಕಾಫಿ ಮನೆಗೇ ಬಂದರು, ಊರಿಗೆಲ್ಲ ಕಾಣಲಿ ಎಂದೇ ಇರಬೇಕು. ಫ್ಲೋರಿನಮ್ಮ ನನ್ನ ಹತ್ತಿರ ನಿಂತು ಕಣ್ಣು ಕೆಂಪು ಮಾಡಿ, ಹೇಳಲ್ಲ ಅಂತ ಮಾತು ಕೊಟ್ಟಿದ್ದೆಯಲ್ಲ ಎಂದರು. ಅವನು ಬಾಯಿ ಬಿಟ್ಟಿಲ್ಲ ಬಿಡೇ, ಬಾಯಿ ಮುಚ್ಕೊಂಡೇ ಹೇಳಿದ ಎಂದರು ವಾರಿಜಕ್ಕ. ಮೂಲೆಯ ಮೇಜಿನಲ್ಲಿ ಕೂತರು. ಒಬ್ಬರು ಕುಡಿದರು, ಒಬ್ಬರು ತಿಂದರು. ಇಡೀ ಕಾಫಿ ಮನೆ ಕಿವಿ ನೆಟ್ಟಗೆ ಮಾಡಿಕೊಂಡಿತ್ತು.

“ಏನಾದ್ರೂ ಬಂತೇನೇ?” ಫ್ಲೋರಿನಮ್ಮ ಕೇಳಿದರು.

“ಬಿಸ್ನೀರು.”

“ನಂಗೆ ಮೇಣ.”

“ನಾಳೆ?”

“ನಾಳೆ ಬಾ.”

ಇಬ್ಬರೂ ನಗತೊಡಗಿದರು. ಎಷ್ಟು ಹೊತ್ತು ನಕ್ಕರೆಂದರೆ ಕೊನೆಗೆ ಅದು ನಗುವೇ ಅಳುವೇ ಎಂದು ತಿಳಿಯಲಿಲ್ಲ. ಆಮೇಲಿಂದ ದಿನಾ ಹಾಗೆಯೇ ಕೂರುತ್ತಾರೆ, ಬಿಸಿನೀರು ಮತ್ತು ಮೇಣ. ಬೆಳಗಿನ ಹೊತ್ತು ವಾರಿಜಕ್ಕ ತಮ್ಮ ಕೊಡೆಗಳನ್ನು ಫ್ಲೋರಿನಮ್ಮನ ಮಾಡಿನಡಿಗೇ ಒಯ್ದು ಅಲ್ಲೇ ರಿಪೇರಿ ಮಾಡುತ್ತಾರೆ. ಡ್ರಮ್ಮು ತಿರುಗುತ್ತಿರುತ್ತದೆ, ಇವರು ಕಡ್ಡಿ ಬಗ್ಗಿಸುತ್ತಾ ಮೂಗು ಎಳೆಯುತ್ತಾ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಈಗ ಇಳಿಸು ಎನ್ನುತ್ತಾರೆ. ಉಪ್ಪು ಮೆಣಸಿನ ಬಿಲ್ಲೆ ಮತ್ತೆ ಮೊದಲಿನಂತೆ ಆಗಿದೆ ಎಂದು ಊರೆಲ್ಲ ಹೇಳುತ್ತದೆ.

ಊರು ಹೇಳುವುದನ್ನು ಕೇಳಿ ತಿಳಿದುಕೊಳ್ಳುತ್ತೇನೆ, ಮೊದಲಿನ ಹಾಗೆ. ಸೇಲ್ಸಿನವರ ಎದುರು ಕೂರುತ್ತೇನೆ, ರೇಡಿಯೋ ಗೋಡೆಯಾಚೆ ಹಾಡುತ್ತದೆ. ವ್ಯತ್ಯಾಸ ಇಷ್ಟೇ, ಮೊದಲು ಆ ಹಾಡು ಪೂರ್ತಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ವಾರಿಜಕ್ಕ ಒಂದು ದಿನ ಬಂದು ನನ್ನ ಕೊಡೆ ಕೇಳಿ ತೆಗೆದುಕೊಂಡು ಹೋದರು. ಕೆಟ್ಟಿರಲಿಲ್ಲ ಅದು. ಹೊಸ ಬಟ್ಟೆ ಹಾಕಿ, ಹಿಡಿಗೆ ಎಣ್ಣೆ ಒರೆಸಿ ತಂದುಕೊಟ್ಟರು. ಏನೋ ಹೇಳಲು ಹೊರಟು, ಜೋಡಿ ಒಂದೇ ಅಲ್ವೇನೋ ತಮ್ಮಾ ಎಂದು ನಿಲ್ಲಿಸಿದರು. ಹೌದು ಎಂದೆ. ಫ್ಲೋರಿನಮ್ಮನ ಮೂಗು ಮರಳಿ ಬರಬಹುದು ಎನ್ನುತ್ತಾರೆ ಡಾಕ್ಟರು, ಬರದೆಯೂ ಇರಬಹುದು. ಬರಲಿ ಎಂದೇ ಬಯಸುತ್ತೇನೆ, ಹೆಚ್ಚಿನ ದಿನಗಳಲ್ಲಿ.

ನೀವು ಕೊನೆಯವರೆಗೆ ಕೇಳಿದಿರಿ, ದೊಡ್ಡ ಉಪಕಾರ. ಆ ಹಳೆಯ ಒಳ್ಳೆಯ ಬಿಲ್ಲೆ ಇನ್ನೂ ಡಬ್ಬಿಯಲ್ಲಿದೆ, ಅದೇ ಬಾಳೆಲೆಯಲ್ಲಿ ಸುತ್ತಿಟ್ಟಿದ್ದೇನೆ. ಎಲೆ ಒಣಗಿ ಹಾಳೆಯಂತಾಗಿದೆ, ಬಿಲ್ಲೆಯ ಮೇಲೆ ಬಿಳಿಯ ಪೊರೆ ಬಂದಿದೆ, ಹೆಬ್ಬೆರಳ ಗುರುತು ಮಾತ್ರ ಹಾಗೇ ಇದೆ. ನಾಲ್ಕು ಗಂಟೆಗೆ ಬೀದಿ ಖಾಲಿಯಾದಾಗ ಒಮ್ಮೊಮ್ಮೆ ಅದನ್ನು ತೆಗೆದು ಮೂಸಿ ನೋಡಿ ಮತ್ತೆ ಇಡುತ್ತೇನೆ. ಸಾಸರು ನಿಮ್ಮ ಕಡೆಗೆ ಬಂದಿದ್ದರೆ, ಎದುರಿಗೆ ಕಾಫಿ ಆರುತ್ತಿದ್ದರೆ, ನೀವು ಯಾವ ಬಿಲ್ಲೆ ಮುರಿಯುತ್ತಿದ್ದಿರಿ?